ಒಂದೇ ಅಂಕಿಯ ಪರೀಕ್ಷಾ ವರದಿ ನಂಬಿ ನಾನು ಕೆಟ್ಟೆ

ಶಿರಸಿಯ ಹತ್ತಿರ ನಮ್ಮದೊಂದು ಸಣ್ಣ ಘಟಕವಿದೆ. ಬಚ್ಚಲ ಒಲೆಗೆ ಹೋಗುತ್ತಿದ್ದ ಅಡಿಕೆ ಸಿಪ್ಪೆಯ ನಾರನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಯೊಂದಿಗೆ ಬೆರೆಸಿ, ಸೂಜಿ ಯಂತ್ರದಲ್ಲಿ ಚುಚ್ಚಿ, ನೇಯದ ಬಟ್ಟೆ ಮಾಡುತ್ತೇವೆ. ಇಂಥ ಹಾಸನ್ನು ಬಿಸಿ ಅಚ್ಚಿನಲ್ಲಿ ಒತ್ತಿದರೆ ಕಾರಿನ ಬಾಗಿಲಿಗೆ ಹಗುರವಾದ ಒಳಹಲಗೆ ಸಿಗುತ್ತದೆ. ಹೊರರಾಜ್ಯದ ಖರೀದಿದಾರರೊಬ್ಬರು ಪರೀಕ್ಷಾ ವರದಿ ಕೇಳಿದರು. ಅಲ್ಲಿಂದ ಶುರುವಾಯಿತು ಗ್ರಹಚಾರ.

ಆಷಾಢದ ಮಳೆಯಲ್ಲಿ ಹಾಸಿನ ತುಂಡನ್ನು ಸುತ್ತಿಕೊಂಡು ಬಸ್ ಹತ್ತಿದೆ. ಖಾಸಗಿ ಪ್ರಯೋಗಾಲಯದವರು ಸಂಜೆಯೊಳಗೇ ವರದಿ ಕೈಗಿಟ್ಟರು. ಅನುಮಾನ ಪಡಬೇಕಾದ ಹೊತ್ತಿನಲ್ಲಿ ನಾನು ಖುಷಿಪಟ್ಟೆ. ಚದರ ಮೀಟರಿನ ತೂಕ ಬಿಟ್ಟರೆ ಎಳೆತದ ಬಲ ಎಂದು ಒಂದೇ ಅಂಕಿ, ಕೆಳಗೆ ಅಂಗೈಯಗಲದ ಮೊಹರು.

ಸರಕು ಹೋಯಿತು, ಹೋದ ಹಾಗೆಯೇ ವಾಪಸು ಬಂತು. ಅಚ್ಚಿನ ಮೂಲೆಗಳಲ್ಲಿ ಹಾಸು ಹರಿದಿತ್ತು, ಮೈತುಂಬ ಗುಳ್ಳೆ ಎದ್ದಿತ್ತು.

ಒಂದು ಸುರುಳಿ ಬಿಡಿಸಿ ಉದ್ದಕ್ಕೆ ಎಳೆದೆ, ಜಗ್ಗಲಿಲ್ಲ. ಅಡ್ಡಕ್ಕೆ ಎಳೆದೆ, ನೆನೆದ ರೊಟ್ಟಿಯಂತೆ ಬಿಚ್ಚಿಕೊಂಡಿತು. ನಮ್ಮಲ್ಲಿ ಪದರಗಳನ್ನು ಅಡ್ಡಡ್ಡ ಮಡಚುವ ಯಂತ್ರವಿಲ್ಲ. ಹಾಗಾಗಿ ಕಾರ್ಡಿಂಗ್‌ನಿಂದ, ಅಂದರೆ ನಾರು ಬಾಚುವ ಯಂತ್ರದಿಂದ, ಬಂದ ಎಳೆಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗಿರುತ್ತವೆ. ಪ್ರಯೋಗಾಲಯದವರು ಎಳೆದದ್ದೂ ಆ ದಿಕ್ಕಿಗೆ ಮಾತ್ರ. ಫೋನ್ ಮಾಡಿ ಕೇಳಿದೆ. "ಅಡ್ಡ ದಿಕ್ಕಿನದು ನೀವು ಕೇಳಿರಲಿಲ್ಲವಲ್ಲ ಸ್ವಾಮಿ" ಎಂದರು. ಕೇಳುವುದಕ್ಕೆ ನನಗೆ ಗೊತ್ತಿದ್ದರೆ ತಾನೆ!

ಗುಳ್ಳೆಗೆ ಕಾರಣ ನಮ್ಮ ಮಳೆಗಾಲ. ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಊರಿದು, ಸಿಪ್ಪೆಯ ನಾರು ತೇವ ಹೀರದೆ ಇರುತ್ತದೆಯೇ? ಪಾಲಿಪ್ರೊಪಿಲೀನ್ ಕರಗುವುದೇ 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅಷ್ಟು ಬಿಸಿಗೆ ನಾರಿನೊಳಗಿನ ನೀರು ಆವಿಯಾಗಿ ಉಬ್ಬಿತು. ವರದಿಯಲ್ಲಿ ಬರೆದ ಚದರ ಮೀಟರಿನ ತೂಕದಲ್ಲೂ ಆ ನೀರು ಸೇರಿತ್ತು. ಹಗುರವಾದ ಭಾಗ ಬೇಕೆಂದವರಿಗೆ ನಾವು ಮಳೆನೀರನ್ನೂ ತೂಗಿ ಮಾರಿದಂತಾಯಿತು.

ಆದ್ದರಿಂದ ಹಣ ಕಟ್ಟುವ ಮೊದಲೇ ಕೇಳಿ: ಉದ್ದಕ್ಕೆ ಐದು, ಅಡ್ಡಕ್ಕೆ ಐದು ಪಟ್ಟಿ ಎಳೆಯುತ್ತೀರಾ? ಪಟ್ಟಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 50 ಮಿಲಿಮೀಟರ್ ಅಗಲದ ತುಂಡನ್ನು ಹಿಡಿಕೆಗಳ ನಡುವೆ 200 ಮಿಲಿಮೀಟರ್ ಅಂತರ ಬಿಟ್ಟು ಎಳೆಯುತ್ತಾರೆ. ಹಿಡಿಕೆಯ ಬಾಯಲ್ಲೇ ಹರಿದ ತುಂಡನ್ನು ಲೆಕ್ಕಕ್ಕೆ ಹಿಡಿಯಬಾರದು. ಎಳೆಯುವ ಮೊದಲು ಶೇಕಡಾ 65 ಆರ್ದ್ರತೆಯ ಕೋಣೆಯಲ್ಲಿ ತೂಕ ಸ್ಥಿರವಾಗುವವರೆಗೆ ಇಡಬೇಕು. ಇದು ಸಂಜೆಯೊಳಗೆ ಮುಗಿಯುವ ಕೆಲಸವಲ್ಲ. ಪ್ರತಿ ತುಂಡಿನ ಅಂಕಿಯನ್ನೂ ಬೇರೆಯಾಗಿ ಬರೆಸಿಕೊಳ್ಳಿ. ಸರಾಸರಿಯೊಳಗೆ ದುರ್ಬಲ ತುಂಡುಗಳು ಅಡಗಿಕೊಳ್ಳುತ್ತವೆ.

ವಾಪಸು ಬಂದ ಸುರುಳಿಗಳು ಅಟ್ಟದಲ್ಲಿವೆ. ಮೊಹರಿನ ಹಾಳೆಯನ್ನು ಮಾತ್ರ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.