ದೋಣಿಯ ಕ್ಯಾನ್ವಾಸ್ ಮಾಡಿಗೆ ಸಿಲಿಕಾನ್, ಮೇಣ, ಡಬ್ಬಿ ದ್ರಾವಣ, ಪಟಿಕ: ಸೋರಿಸಿಕೊಂಡವನ ಹೋಲಿಕೆ

ಹತ್ತಿ ಕ್ಯಾನ್ವಾಸ್ ಮಳೆಗೆ ಸೋರದ ಹಾಗೆ ಏನು ಕೊಡಬೇಕು ಅನ್ನುವ ವಿಷಯದಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನಾನು ಪಟಿಕದ ಕಡೆಯವನು. ಕ್ಷೌರದಂಗಡಿಯಲ್ಲಿ ಕೆನ್ನೆಗೆ ತಿಕ್ಕುತ್ತಾರಲ್ಲ, ಅದೇ ಪಟಿಕ. ಪಟಿಕಕ್ಕೆ ಬಂದು ಮುಟ್ಟುವ ಮೊದಲು ಸಿಲಿಕಾನ್ ಸ್ಪ್ರೇಗೆ ದುಡ್ಡು ಸುರಿದೆ, ಒಂದು ಇಡೀ ಹೊದಿಕೆ ಹಾಳು ಮಾಡಿಕೊಂಡೆ, ಹುಬ್ಬಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರ ಕುತ್ತಿಗೆಯೊಳಗೆ ತಣ್ಣೀರು ಇಳಿಸಿದೆ.

ನಮ್ಮದು ಹೊನ್ನಾವರದ ಹತ್ತಿರ, ಶರಾವತಿ ದಂಡೆಯಲ್ಲಿ ಚಿಕ್ಕ ಹೋಮ್‌ಸ್ಟೇ. ಬಂದವರನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸುತ್ತಾಡಿಸಲು ಆರು ಜನ ಕೂರುವ ಮರದ ದೋಣಿ ಇದೆ. ಮೇಲೆ ಪೈಪಿನ ಮೂರು ಕಮಾನು, ಅದರ ಮೇಲೆ ಹತ್ತಡಿ ಉದ್ದ, ಆರಡಿ ಅಗಲದ ಹತ್ತಿ ಕ್ಯಾನ್ವಾಸ್.

ಪ್ಲಾಸ್ಟಿಕ್ ತಾಡಪಾಲು ಹಾಕಿದರೆ ಆಗುತ್ತಿರಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದ್ದೇನೆ. ಗಾಳಿಗೆ ಪಟಪಟ ಬಡಿಯುತ್ತದೆ, ಹಕ್ಕಿ ನೋಡಲು ಬಂದವರಿಗೆ ಹಕ್ಕಿ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಅದರಡಿ ಕೂತರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಬಣ್ಣ ಮಾಸದ ಅಕ್ರಿಲಿಕ್ ಕ್ಯಾನ್ವಾಸ್ ಒಳ್ಳೆಯದೇ, ಆದರೆ ಅದಕ್ಕೆ ಹೇಳಿದ ರೇಟು ಕೇಳಿ ನಾನು ಚಹಾ ಕುಡಿದು ಎದ್ದು ಬಂದೆ.

ಸಿಲಿಕಾನ್ ಕತೆ ಶುರುವಾದದ್ದು 2022ರಲ್ಲಿ. ಹೊಸ ಹೊದಿಕೆ, ಹೊಸ ಉತ್ಸಾಹ. ಆನ್‌ಲೈನ್‌ನಲ್ಲಿ ನಾಲ್ಕು ಸ್ಪ್ರೇ ಡಬ್ಬಿ ತರಿಸಿದೆ. ಹೊಡೆಯುವುದು ಸುಲಭ, ಒಣಗುವುದು ಬೇಗ. ಮೊದಲ ಮಳೆ ಬಿದ್ದಾಗ ನೀರು ಕೆಸುವಿನೆಲೆ ಮೇಲೆ ಉರುಳಿದ ಹಾಗೆ ಉರುಳಿತು. ನಾನು ಅದರ ವಿಡಿಯೋ ಮಾಡಿ ಭಾವನಿಗೆ ಕಳಿಸಿದೆ. ಅವನು ಮೇಣದ ಪಕ್ಷ. "ಎರಡು ವರ್ಷ ಕಳೆಯಲಿ ಮಾರಾಯಾ" ಅಂತಷ್ಟೇ ಉತ್ತರ ಬಂತು.

ಎರಡನೇ ವರ್ಷಕ್ಕೆ ಅಲ್ಲಲ್ಲಿ ಕೈ ಕೊಟ್ಟಿತು. ಪೂರ್ತಿ ಹೋಗಿದ್ದರೆ ಬೇರೆ ಮಾತು. ಹೋದದ್ದು ತೇಪೆ ತೇಪೆಯಾಗಿ: ಬಿಸಿಲು ಜಾಸ್ತಿ ಬೀಳುವ ಬೆನ್ನಿನ ಭಾಗ, ನೀರುಕಾಗೆ ಕೂತು ಹಿಕ್ಕೆ ಹಾಕುವ ಜಾಗ, ಹತ್ತುವಾಗ ಜನ ಕೈ ಹಿಡಿಯುವ ಅಂಚು. ಆ ಅಕ್ಟೋಬರ್‌ನ ಒಂದು ಭಾನುವಾರ, ಕಾಂಡ್ಲಾ ಗಿಡಗಳ ನಡುವೆ ಇದ್ದಾಗಲೇ ಮಳೆ ಹೊಡೆಯಿತು. ಹಿರಿಯರು ಕೂತಿದ್ದು ಸರಿಯಾಗಿ ಬೆನ್ನಿನ ಹೊಲಿಗೆಯ ಕೆಳಗೆ. ಅವರು ಏನೂ ಅನ್ನಲಿಲ್ಲ. ಮಗಳು ಅಂದರು.

ಸರಿ, ಹೋದ ಜಾಗಕ್ಕೆ ಏನಾದರೂ ಹಚ್ಚಿದರೆ ಮುಗಿಯಿತಲ್ಲ? ಇಲ್ಲೇ ನಾನು ಸಿಕ್ಕಿಬಿದ್ದದ್ದು. ಬಟ್ಟೆ ನೀರು ಹೀರದಿರಲಿ ಅಂತ ಹಚ್ಚುವ, ನೀರಿನಲ್ಲಿ ಕಲಸಿದ ದ್ರಾವಣ ಹಚ್ಚಿದೆ. ಅದು ಬಟ್ಟೆಯೊಳಗೆ ಇಳಿಯಲೇ ಇಲ್ಲ, ಮಣಿ ಮಣಿಯಾಗಿ ನಿಂತಿತು. ನೀರನ್ನು ದೂರ ಇಡಲಿ ಅಂತಲೇ ಅಲ್ಲವಾ ಸಿಲಿಕಾನ್ ಹೊಡೆದದ್ದು? ಔಷಧಿಯಲ್ಲಿರುವುದೂ ನೀರೇ. ಮಳೆಯನ್ನು ಒಳಗೆ ಬಿಡುವಷ್ಟು ಸವೆದಿತ್ತು, ಔಷಧಿಯನ್ನು ಸಮವಾಗಿ ಹೀರುವಷ್ಟು ಸವೆದಿರಲಿಲ್ಲ.

ಮೇಣ ತಿಕ್ಕಿದೆ. ಕೂತ ಹಾಗೆ ಕಂಡಿತು, ಒಣಗಿದ ಮೇಲೆ ಉಗುರು ತಾಗಿದರೆ ಹೊಪ್ಪಳೆ ಎದ್ದ ಹಾಗೆ ಎದ್ದು ಬಂತು. ಬಟ್ಟೆಗೆ ಅಂಟಿಸುವ ಪಟ್ಟಿ ತಂದೆ, ಅದಂತೂ ಅಂಟಲೇ ಇಲ್ಲ. ಸಿಲಿಕಾನ್ ಕೂತ ಮೇಲೆ ಮತ್ತೆ ಸಿಲಿಕಾನ್ ಒಂದೇ ಹಿಡಿಯುವುದು. ಅಂದರೆ ಡಬ್ಬಿ ಖಾಲಿಯಾದಾಗಲೆಲ್ಲ ಅದನ್ನೇ ಕೊಳ್ಳಬೇಕು, ಬೇರೆ ದಾರಿ ಇಲ್ಲ. ಇದು ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕಾಗಿತ್ತು.

ತಿಕ್ಕಿ ತೊಳೆದು ತೆಗೆದುಬಿಡೋಣ ಅಂತ ಕೊನೆಯ ಪ್ರಯತ್ನ ಮಾಡಿದೆ. ವಾಷಿಂಗ್ ಪೌಡರ್ ಹಾಕಿ ಒಂದು ಬೆಳಗ್ಗೆ ಪೂರ್ತಿ ಬ್ರಶ್ ಎಳೆದೆ. ಸಿಲಿಕಾನ್ ಹೋಗಲಿಲ್ಲ. ಆದರೆ ಪೌಡರಿನ ಅಂಶ ಬಟ್ಟೆಯಲ್ಲಿ ಉಳಿಯಿತು. ಬಟ್ಟೆ ಬೇಗ ನೆನೆಯಲಿ ಅಂತಲೇ ಇರುವ ಪುಡಿ ಅದು. ಹಾಗಾಗಿ ಅಲ್ಲಿಯವರೆಗೆ ಸೋರದೆ ಇದ್ದ ಜಾಗವೂ ಸೋರಲು ಶುರುವಾಯಿತು. ಬಾವಿ ನೀರಲ್ಲಿ ಎಷ್ಟು ಸಲ ಜಾಲಿಸಿದರೂ ನೊರೆ ಬರುತ್ತಲೇ ಇತ್ತು. ಹೆಂಡತಿ ದೂರದಿಂದ ನೋಡಿ, "ಹೊಸ ಬಟ್ಟೆ ತಗೊಳ್ಳಿ" ಅಂದಳು.

2024ರಲ್ಲಿ ಹೊಸ ಬಟ್ಟೆ ತಂದೆ. ಈ ಸಲ ಹುಷಾರಾಗಿದ್ದೆ. ಮಿಕ್ಕ ಬಟ್ಟೆಯಲ್ಲಿ ಮೊಳದಗಲದ ಮೂರು ತುಂಡು ಕತ್ತರಿಸಿ, ಒಂದಕ್ಕೆ ಮೇಣ, ಒಂದಕ್ಕೆ ಡಬ್ಬಿಯಲ್ಲಿ ಬರುವ ನೀರಿನ ದ್ರಾವಣ, ಒಂದಕ್ಕೆ ಪಟಿಕ ಕೊಟ್ಟೆ. ಮೂರು ಬಕೆಟ್ಟಿನ ಬಾಯಿಗೆ ಸಡಿಲವಾಗಿ ಕಟ್ಟಿ, ನಡುವೆ ಒಂದೊಂದು ತಂಬಿಗೆ ನೀರು ಹೊಯ್ದು ರಾತ್ರಿಯಿಡೀ ಬಿಟ್ಟೆ.

ಬೆಳಗ್ಗೆ ಮೇಣದ ಬಕೆಟ್ ಒಣ ಒಣ. ಡಬ್ಬಿ ದ್ರಾವಣದ್ದೂ ಒಣ. ಪಟಿಕದ ಬಕೆಟ್ಟಿನ ತಳದಲ್ಲಿ ಒಂದು ಚಮಚದಷ್ಟು ನೀರಿತ್ತು. ಅಂದರೆ ನನ್ನ ಪರೀಕ್ಷೆಯಲ್ಲಿ ನನ್ನ ಅಭ್ಯರ್ಥಿಯೇ ಸೋತ. ಆದರೂ ನಾನು ಅದನ್ನೇ ಆರಿಸಿಕೊಂಡೆ. ದೋಣಿಯ ಮಾಡಿನ ಮೇಲೆ ರಾತ್ರಿಯಿಡೀ ನೀರು ನಿಂತರೆ ಅದು ಬಟ್ಟೆಯ ತಪ್ಪಲ್ಲ, ಕಟ್ಟಿದವನ ತಪ್ಪು. ನಡುವಿನ ಕಮಾನನ್ನು ಒಂದು ಗೇಣು ಎತ್ತರಿಸಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಈಗ ನೀರು ನಿಲ್ಲುವ ಮಾತೇ ಇಲ್ಲ.

ಮೇಣದ ಬಗ್ಗೆ ಭಾವನಿಗೆ ಬೇಜಾರಾಗದ ಹಾಗೆ ಹೇಳಬೇಕು. ನೀರು ತಡೆಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಜೇನುಮೇಣ, ಪ್ಯಾರಾಫಿನ್, ಅಗಸೆ ಎಣ್ಣೆ ಕರಗಿಸಿ ಬಿಸಿಯಾಗಿರುವಾಗಲೇ ಬ್ರಶ್ ಎಳೆಯುತ್ತಾನೆ ಅವನು. ಆದರೆ ಹೊದಿಕೆ ಹಲಗೆಯ ಹಾಗೆ ಗಡುಸಾಗುತ್ತದೆ, ಎತ್ತಲು ಇಬ್ಬರು ಬೇಕು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಪ್ಯಾರಾಫಿನ್ ಸಾಮಾನ್ಯವಾಗಿ ಅದಕ್ಕೂ ಮೊದಲೇ. ಕರಗದಿದ್ದರೂ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಬೆವರುತ್ತದೆ, ಧೂಳು ಹಿಡಿಯುತ್ತದೆ. ಬಿಳಿ ಅಂಗಿಯವರು ತಲೆ ತಾಗಿಸಿಕೊಂಡರೆ ಮುಗಿಯಿತು. ಇನ್ನೊಂದು, ಇದು ತಮಾಷೆಯಲ್ಲ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಹಳಬರು ದೋಣಿಗೆ ಹಚ್ಚುತ್ತಿದ್ದ ಗೇರುಸಿಪ್ಪೆ ಎಣ್ಣೆ? ಮರಕ್ಕೆ ಸರಿ. ಜನ ಕೂರುವ ಮಾಡಿಗೆ ಬೇಡ, ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ.

ಡಬ್ಬಿ ದ್ರಾವಣ ಪ್ರಾಮಾಣಿಕವಾಗಿ ಒಳ್ಳೆಯದು. ವಾಸನೆ ಇಲ್ಲ, ಬಟ್ಟೆ ಮೃದುವಾಗಿಯೇ ಇರುತ್ತದೆ. ಆರು ತಿಂಗಳು ಬಿಸಿಲಲ್ಲಿ ಕಟ್ಟಿಟ್ಟ ತುಂಡಿನ ಮೇಲೂ ನೀರು ಇನ್ನೂ ಉರುಳುತ್ತಿತ್ತು. ನನ್ನ ಹೊದಿಕೆಗೆ ಎರಡು ಡಬ್ಬಿ ಬೇಕು, ಸಾಗಣೆ ಸೇರಿ ಮೂರು ಸಾವಿರದ ಹತ್ತಿರ. ದಿನಕ್ಕೆ ನಾಲ್ಕು ಟ್ರಿಪ್ ಹೊಡೆಯುವವರು ಇದನ್ನೇ ತಗೊಳ್ಳಿ, ನನ್ನ ಮಾತು ಕೇಳಬೇಡಿ. ನನ್ನದು ವಾರಕ್ಕೆ ಎರಡು ಮೂರು ಸುತ್ತು.

ಪಟಿಕಕ್ಕೆ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಅರ್ಧ ಕಿಲೋ ಬಟ್ಟೆ ಸೋಪನ್ನು ತುರಿಮಣೆಯಲ್ಲಿ ತುರಿದು (ಹಳೆಯ ತುರಿಮಣೆ, ಮನೆಯವರನ್ನು ಕೇಳಿಯೇ ತಗೊಂಡೆ) ಎಂಟು ಲೀಟರ್ ಬಿಸಿನೀರಲ್ಲಿ ಕರಗಿಸಿದೆ. ನೀರು ಬಚ್ಚಲ ಹಂಡೆಯದ್ದು, ಕರಗಿಸಿದ್ದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಹೊದಿಕೆಯನ್ನು ಅದರಲ್ಲಿ ಚೆನ್ನಾಗಿ ನೆನೆಸಿ, ಹಿಂಡದೆ ಹಗ್ಗಕ್ಕೆ ಹಾಕಿದೆ. ಅರೆಬರೆ ಒಣಗಿದ ಮೇಲೆ, ಕಾಲು ಕಿಲೋ ಪಟಿಕ ಕರಗಿಸಿದ ಇನ್ನೊಂದು ಎಂಟು ಲೀಟರ್ ನೀರಲ್ಲಿ ಎರಡು ಗಂಟೆ ಮುಳುಗಿಸಿಟ್ಟೆ. ಆಮೇಲೆ ಬರೀ ನೀರಲ್ಲಿ ಒಮ್ಮೆ ಜಾಲಿಸಿ ಒಣಗಿಸಿದರೆ ಆಯಿತು. ಪಟಿಕದ ಹುಳಿ ಉಳಿದರೆ ಹತ್ತಿಗೆ ಒಳ್ಳೆಯದಲ್ಲ.

ಇದರ ಗುಟ್ಟು ಸರಳ. ಗಡಸು ನೀರಲ್ಲಿ ಸೋಪು ಹಾಕಿದರೆ ಬಕೆಟ್ ಅಂಚಿಗೆ ಬಿಳಿ ಗಸಿ ಅಂಟುತ್ತದಲ್ಲ, ಎಷ್ಟು ತೊಳೆದರೂ ಹೋಗದ್ದು? ಅದರ ಹತ್ತಿರದ ನೆಂಟನೇ ಇದು. ಪಟಿಕದ ಅಲ್ಯೂಮಿನಿಯಂ ಸೋಪಿನ ಕೊಬ್ಬಿನಂಶದ ಜೊತೆ ಸೇರಿ ನೀರಿಗೆ ಕರಗದ ವಸ್ತುವಾಗಿ ನೂಲಿನೊಳಗೇ ಕೂರುತ್ತದೆ. ನೇಯ್ಗೆಯ ಕಿಂಡಿ ಮುಚ್ಚುವುದಿಲ್ಲ, ಗಾಳಿ ಆಡುತ್ತದೆ. ಆದರೆ ನಿಜವಾದ ಸೋಪೇ ಬೇಕು. ಡಿಟರ್ಜೆಂಟ್ ಬಾರ್ ತಂದರೆ ಈ ಕೆಲಸ ಆಗುವುದಿಲ್ಲ. ಒಮ್ಮೆ ಪಟಿಕ ಕೊಟ್ಟ ಮೇಲೆ ಹೊದಿಕೆ ತೊಳೆಯಲು ಸೋಪೂ ಬೇಡ, ಬ್ಲೀಚಂತೂ ಬೇಡವೇ ಬೇಡ. ಅಳಿವೆಯ ಉಪ್ಪು, ಹಿಕ್ಕೆ ಎಲ್ಲ ಬಾವಿ ನೀರು ಮತ್ತು ಮೆತ್ತನೆ ಬ್ರಶ್ಶಿಗೆ ಹೋಗುತ್ತವೆ.

ಯಾವುದೇ ಔಷಧಿ ಹಾಕಿ, ಹೊಲಿಗೆ ಸೋರಿದರೆ ಎಲ್ಲ ವ್ಯರ್ಥ. ಆಟೊ ಹುಡ್ ಹೊಲಿಯುವವರಲ್ಲಿ ಹತ್ತಿ ಸುತ್ತಿದ ಪಾಲಿಯೆಸ್ಟರ್ ನೂಲು ಕೇಳಿ ಹೊಲಿಸಿದೆ. ನೆನೆದಾಗ ಹತ್ತಿ ಉಬ್ಬಿ ಸೂಜಿಯ ತೂತು ಮುಚ್ಚುತ್ತದೆ. ಹೊಸ ಕ್ಯಾನ್ವಾಸನ್ನು ಎರಡು ಸಲ ನೆನೆಸಿ ಒಣಗಿಸಿ ಬಳಸುವುದೂ ಇದೇ ಕಾರಣಕ್ಕೆ. ಹೊಲಿಗೆಯ ಸಾಲಿಗೆ ಮಾತ್ರ ಜೇನುಮೇಣದ ಗಟ್ಟಿ ತಿಕ್ಕಿ ಬಿಸಿಲಿಗಿಟ್ಟೆ. ಅಷ್ಟು ಮೇಣ ಸಾಕು, ಭಾವನಿಗೂ ಸಮಾಧಾನ.

ಪಟಿಕಕ್ಕೆ ಆಯುಷ್ಯ ಕಡಿಮೆ, ಪ್ರತಿ ವರ್ಷ ಮಾಡಬೇಕು. ನನಗೆ ಅದು ತೊಂದರೆಯಲ್ಲ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಆದರೆ ಅದರ ಬಹುಪಾಲು ಬೀಳುವಾಗ ನನ್ನ ದೋಣಿ ದಂಡೆಯಲ್ಲಿರುತ್ತದೆ. ಮಾಡು ತಡೆಯಬೇಕಾದದ್ದು ಮೇ ತಿಂಗಳ ಗುಡುಗು ಮಳೆ, ಅಕ್ಟೋಬರ್‌ನ ಸಂಜೆ ಮಳೆ, ಇಬ್ಬನಿ ಇಷ್ಟೇ. ಜೂನ್ ಬಂತೆಂದರೆ ಹೊದಿಕೆ ಬಿಚ್ಚಿ, ಪೂರ್ತಿ ಒಣಗಿಸಿ, ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ. ಬೆಚ್ಚಗೆ ಹೊಗೆಯಲ್ಲಿ ಇರುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಇಲಿ ಕಡಿಯದಿರಲಿ ಅಂತ ಹಳೆಯ ತಗಡಿನ ಪೆಟ್ಟಿಗೆ ಮಾಡಿಕೊಂಡಿದ್ದೇನೆ, ಹೊಗೆಯಾಡಲಿ ಅಂತ ಅದಕ್ಕೆ ಸಣ್ಣ ತೂತು ಕೊರೆದಿದ್ದೇನೆ. ಮಳೆಗಾಲದಲ್ಲೂ ದೋಣಿ ಬಿಡುವವರಿಗೆ, ಬಿಚ್ಚಿ ಕಟ್ಟುವ ಸೋಮಾರಿತನ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಸಿಲಿಕಾನ್ ಹೊಡೆದ ಹಳೆಯ ಹೊದಿಕೆ ಈಗ ಸೌದೆ ರಾಶಿಯ ಮೇಲಿದೆ. ಬೆನ್ನಿನ ಹೊಲಿಗೆಯ ಕೆಳಗೆ ಸೌದೆ ಇಡುವುದಿಲ್ಲ.