ನಾಯಿ ಕಳ್ಕೊಂಡು ಪೋಸ್ಟ್ ಹಾಕಿದೀರಾ? ಬರೋ ಫೋನುಗಳ ಬಗ್ಗೆ ಹುಷಾರು

ನಾಯಿ ಕಾಣೆಯಾಗಿದೆ ಅಂತ ಫೋಟೋ, ನಂಬರ್ ಹಾಕಿ ಪೋಸ್ಟ್ ಮಾಡಿದ ತಕ್ಷಣ ನಮಗೆ ಫೋನ್ ಮಾಡಿದ್ದು ನಾಯಿ ನೋಡಿದವರಲ್ಲ, ದುಡ್ಡು ಹೊಡೆಯೋಕೆ ಕಾಯ್ತಾ ಕೂತಿದ್ದೋರು. ನಮ್ ಮನೇಲಿ ಆಗಿದ್ದು ಬೇರೆ ಯಾರಿಗೂ ಆಗೋದು ಬೇಡ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗಿದೆ, ಓದಿ.

ಗುಡುಗಿಗೆ ಹೆದರಿ ಬೆಲ್ಟ್ ಕಿತ್ಕೊಂಡು ಓಡಿದ್ದು ನಮ್ ನಾಯಿ. ಪೋಸ್ಟ್ ಹಾಕಿ ಇನ್ನೂ ಕತ್ತಲಾಗಿರ್ಲಿಲ್ಲ, ಒಬ್ಬ ಫೋನ್ ಮಾಡಿ "ಮೇಡಂ ನಿಮ್ ನಾಯಿಗೆ ಗಾಡಿ ಗುದ್ದಿದೆ, ಆಸ್ಪತ್ರೇಲಿದೀವಿ, ಅಡ್ವಾನ್ಸ್ ಕಟ್ಟದೆ ಡಾಕ್ಟ್ರು ಆಪರೇಷನ್ ಮಾಡಲ್ಲ ಅಂತಿದಾರೆ" ಅಂದ. ಫೋನ್ ತಗೊಂಡಿದ್ದು ನನ್ ತಂಗಿ, ಮೊದ್ಲೇ ಅಳ್ತಾ ಇದ್ಲು, ಅವನು ಫೋಟೋನೂ ಕಳಿಸಿದ, ಟೇಬಲ್ ಮೇಲೆ ನಮ್ ನಾಯಿ, ಕಾಲಿಗೆ ಬ್ಯಾಂಡೇಜು. ದುಡ್ಡು ಹಾಕೇಬಿಟ್ಲು ಪಾಪ. ನಾನು ಬಂದು ಆ ಫೋಟೋ ದೊಡ್ಡದು ಮಾಡಿ ನೋಡಿದ್ರೆ ಬಲಗಿವಿ ಮಡಚ್ಕೊಂಡಿರೋದು, ನಾಲಿಗೆ ಎಡಕ್ಕೆ ಜಾರಿರೋದು, ಮೂಗಿನ ಮೇಲಿನ ಬೆಳಕು, ಎಲ್ಲಾ ನಾವೇ ಪೋಸ್ಟಲ್ಲಿ ಹಾಕಿದ್ದ ಫೋಟೋದ ತದ್ರೂಪು. ನಮ್ ಫೋಟೋನೇ ತಗೊಂಡು ಎಡಿಟ್ ಮಾಡಿ ಟೇಬಲ್ ಮೇಲೆ ಮಲಗಿಸಿದಾನೆ! ಈಗ ಎಐ ಇರೋದ್ರಿಂದ ಇದಕ್ಕೆ ದೊಡ್ಡ ಕೈಚಳಕನೂ ಬೇಕಾಗಿಲ್ಲ. ವಿಡಿಯೋ ಕಾಲ್ ಮಾಡಿ ಅಂದ್ರೆ ನೆಟ್‌ವರ್ಕ್ ಇಲ್ಲ ಅಂದ, ಯಾವ ಆಸ್ಪತ್ರೆ, ನಾವೇ ಅಲ್ಲಿಗೆ ಫೋನ್ ಮಾಡ್ತೀವಿ ಅಂದಿದ್ದಕ್ಕೆ ಕಟ್ ಮಾಡಿದೋನು ಆಮೇಲೆ ಎತ್ಲೇ ಇಲ್ಲ. ಬ್ಯಾಂಕಿಗೆ, ಪೊಲೀಸಿಗೆ ಕಂಪ್ಲೇಂಟ್ ಕೊಟ್ಟಿದೀವಿ, ದುಡ್ಡು ಅಂತೂ ವಾಪಸ್ ಬಂದಿಲ್ಲ.

ಅದಾದ್ಮೇಲೆ ಬಂದೋನು ಇನ್ನೂ ನಯವಾಗಿ ಮಾತಾಡಿದ. ದುಡ್ಡೇ ಬೇಡ ಅಂದ. "ಎಷ್ಟೋ ಜನ ಸುಳ್ಳು ಹೇಳ್ಕೊಂಡು ನಾಯಿ ತಗೊಂಡ್ ಹೋಗ್ತಾರೆ ಮೇಡಂ, ನೀವೇ ಓನರ್ ಅಂತ ಗೊತ್ತಾಗ್ಬೇಕಲ್ವಾ, ನಿಮ್ ಮೊಬೈಲಿಗೆ ಒಂದು ಕೋಡ್ ಬರುತ್ತೆ, ಅದನ್ನ ಹೇಳಿ ಸಾಕು." ಕೇಳೋಕೆ ಎಷ್ಟು ನ್ಯಾಯವಾಗಿದೆ ನೋಡಿ. ಆ ಕೋಡ್ ನಿಮ್ ನಂಬರಲ್ಲಿ ಅವನು ವಾಟ್ಸಾಪ್ ಓಪನ್ ಮಾಡೋಕೆ ಬೇಕಾಗಿರೋ ಓಟಿಪಿ, ಹೇಳಿದ್ರೆ ನಿಮ್ ಅಕೌಂಟ್ ಅವನ ಕೈಗೆ, ಆಮೇಲೆ ನಿಮ್ ಹೆಸರಲ್ಲಿ ನಿಮ್ ನೆಂಟರಿಷ್ಟರ ಹತ್ರ ದುಡ್ಡು ಕೇಳ್ತಾನೆ. ನಾಯಿ ಕೊಡೋಕೆ ಯಾವ ಓಟಿಪಿನೂ ಬೇಡ ಕಣ್ರೀ.

ಇನ್ನೊಬ್ಬ ಚಿಪ್ ಇದ್ಯಾ ಅಂತ ಕೇಳ್ದ, ಇದೆ ಅಂದೆ, ಫೀಸ್ ಕಟ್ಟಿ, ಸ್ಯಾಟಲೈಟಲ್ಲಿ ಎಲ್ಲಿದೆ ಅಂತ ಹುಡುಕ್ಕೊಡ್ತೀವಿ ಅಂದ. ಶುದ್ಧ ಸುಳ್ಳು. ಹೆಗಲ ಮಧ್ಯೆ ಚರ್ಮದ ಕೆಳಗೆ ಹಾಕೋ ಮೈಕ್ರೋಚಿಪ್ ಅಕ್ಕಿಕಾಳಿನಷ್ಟಿರುತ್ತೆ, ಅದ್ರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ, ಸ್ಕ್ಯಾನರ್‌ನ ಮೈ ಹತ್ರ ಹಿಡಿದಾಗ ಮಾತ್ರ ಒಂದು ನಂಬರ್ ತೋರಿಸುತ್ತೆ, ಸಾಮಾನ್ಯವಾಗಿ 15 ಅಂಕಿದು. ಆ ನಂಬರಿಗೆ ನಿಮ್ ಫೋನ್ ನಂಬರ್ ರಿಜಿಸ್ಟರ್ ಆಗಿದ್ರೆ ಮಾತ್ರ ಉಪಯೋಗ. ಸಿಮ್ ಬದಲಾಯಿಸಿದೋರು, ಮನೆ ಬದಲಾಯಿಸಿದೋರು ಇವತ್ತೇ ಚೆಕ್ ಮಾಡ್ಕೊಳ್ಳಿ.

ನಮ್ಮನ್ನ ಉಳಿಸಿದ್ದು ಒಂದೇ ವಿಷಯ. ಪೋಸ್ಟಲ್ಲಿ ಬಣ್ಣ, ವಯಸ್ಸು, ಬೆಲ್ಟ್ ಎಲ್ಲಾ ಬರೆದಿದ್ವಿ, ಆದ್ರೆ ಹಿಂದಿನ ಎಡಗಾಲಲ್ಲಿ ಒಂದೇ ಒಂದು ಉಗುರು ಬೆಳ್ಳಗಿದೆ, ಉಳಿದಿದ್ದೆಲ್ಲಾ ಕಪ್ಪು ಅನ್ನೋದನ್ನ ಬರೆದಿರ್ಲಿಲ್ಲ, ಫೋಟೋದಲ್ಲೂ ಕಾಣಲ್ಲ. ಫೋನ್ ಮಾಡಿದೋರಿಗೆಲ್ಲಾ ಹಿಂಗಾಲಿನ ಉಗುರು ನೋಡಿ ಹೇಳಿ ಅಂತಿದ್ದೆ. ಒಬ್ಬ "ಇಲ್ಲಿ ಕರೆಂಟಿಲ್ಲ" ಅಂದ, ಇನ್ನೊಬ್ಬ ನನಗೇ ಬೈದ. ಹಾಗಾಗಿ ಒಂದು ಗುರುತು ನಿಮ್ಮಲ್ಲೇ ಇಟ್ಕೊಳ್ಳಿ, ಬಹುಮಾನ ಕೊಡ್ತೀವಿ ಅಂತ ಬರೆದ್ರೂ ಎಷ್ಟು ಅಂತ ಬರೀಬೇಡಿ, ನಾಯಿ ಕೈಗೆ ಬರೋವರೆಗೂ ಯಾರು ಏನೇ ಹೇಳಿದ್ರೂ ದುಡ್ಡು ಹಾಕ್ಬೇಡಿ, ನೋಡೋಕೆ ಕರೆದ್ರೆ ಜನ ಓಡಾಡೋ ಜಾಗದಲ್ಲಿ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ.

ಒಳ್ಳೇ ಮನಸ್ಸಿನೋರಿಂದಾನೂ ತೊಂದ್ರೆ ಆಯ್ತು, ಅದನ್ನೂ ಹೇಳ್ಬೇಕು. ಯಾರೋ ಹುಡುಗ್ರು ನಾಯಿ ನೋಡಿ ಬೈಕಲ್ಲಿ ಅಟ್ಟಿಸ್ಕೊಂಡು, ಹೆಸರು ಹಿಡಿದು ಕೂಗಿ, ಅದು ಗಾಡಿಗಳ ಮಧ್ಯೆ ನುಗ್ಗಿ ಇನ್ನೂ ದೂರ ಓಡ್ತು. ಬೆದರಿದ ನಾಯಿಗೆ ಸಾಕಿದವರ ಗುರುತೂ ಕೆಲವು ಸಲ ಸಿಗಲ್ಲ. ಕಂಡ್ರೆ ಓಡ್ಬೇಡಿ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತ್ಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ, ಅದೇ ಹತ್ರ ಬರ್ಲಿ. ಬರ್ದಿದ್ರೆ ಎಲ್ಲಿ ಕಂಡಿದ್ದು ಅಂತ ಫೋಟೋ, ಲೊಕೇಶನ್ ಕಳಿಸಿ ಸಾಕು. ಕೊನೇ ಸಲ ಕಂಡ ಜಾಗದಲ್ಲಿ ಅದು ಮಲಗ್ತಿದ್ದ ಬಟ್ಟೆ ಹಾಕಿ, ಬೆಳಗಿನ ಜಾವ ಗಲಾಟೆ ಇಲ್ದಾಗ ಹುಡುಕಿ.

ಕೊನೆಗೆ ಸಿಕ್ಕಿದ್ದು ಆ ಮೈಕ್ರೋಚಿಪ್‌ನಿಂದಾನೇ. ಒಬ್ರು ಮೇಡಂ ಹಿಡಿದು ಪ್ರಾಣಿ ಡಾಕ್ಟ್ರ ಹತ್ರ ಒಯ್ದು ಸ್ಕ್ಯಾನ್ ಮಾಡ್ಸಿದಾರೆ. ಅದಕ್ಕೂ ಮೊದ್ಲು ಒಬ್ಬ "ನಮ್ದೇ ನಾಯಿ" ಅಂತ ಹಕ್ಕು ಸಾಧಿಸೋಕೆ ಬಂದಿದ್ನಂತೆ, ಅವರು ಕೊಡ್ಲಿಲ್ಲ. ನನಗೂ ಹಳೇ ಫೋಟೋ, ಲಸಿಕೆ ಪುಸ್ತಕ ತೋರಿಸು ಅಂದ್ರು, ಉಗುರಿನ ಬಣ್ಣ ಅವರೇ ನನ್ನನ್ನ ಕೇಳಿದ್ರು! ಬೀದೀಲಿ ಬೆಲ್ಟ್ ಇರೋ ನಾಯಿ ಸಿಕ್ಕಿದ್ರೆ ಹೀಗೇ ಮಾಡಿ, ನಿಮ್ ನಾಯಿಗಳ ಜೊತೆ ಬಿಡ್ಬೇಡಿ, ಮೊದಲು ಬಂದೋನಿಗೆ ಕೊಡ್ಬೇಡಿ.

ಹಿಡಿಯೋವಾಗ ಅವರ ಕೈಗೆ ಹಲ್ಲು ತಾಗಿತ್ತು. ತಕ್ಷಣ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿದಾರೆ. ಸಣ್ಣ ಗೀರು ಅಂತ ಬಿಡ್ಬೇಡಿ, ರೇಬೀಸ್ ಲಕ್ಷಣ ಶುರುವಾದ್ಮೇಲೆ ಹೆಚ್ಚುಕಮ್ಮಿ ಯಾರೂ ಉಳಿಯಲ್ಲ, ಲಸಿಕೆ ಕೆಲಸ ಮಾಡೋದು ಅದಕ್ಕೂ ಮೊದ್ಲೇ. ನಮ್ ನಾಯಿ ಲಸಿಕೆ ಪುಸ್ತಕದ ಫೋಟೋ ಅವರ ಡಾಕ್ಟ್ರಿಗೆ ಕಳಿಸಿ, 10 ದಿನ ನಾಯಿ ಹುಷಾರಾಗಿದ್ಯಾ ಅಂತ ಕಣ್ಣಿಟ್ಟು ನೋಡಿದ್ವಿ.

ನಾಯಿ ಸಿಕ್ಕಿದ ಮೇಲೆ ಪೋಸ್ಟ್ ತೆಗೀರಿ, ಶೇರ್ ಮಾಡಿದೋರಿಗೂ ತೆಗೆಯೋಕೆ ಹೇಳಿ. ನಮ್ದು ಎಲ್ಲೆಲ್ಲೋ ಸುತ್ತಾಡ್ತಾನೇ ಇದೆ, ಮೊನ್ನೆ ಕೂಡ ಒಬ್ಬ ಫೋನ್ ಮಾಡಿ ಆಪರೇಷನ್ನಿಗೆ ಅಡ್ವಾನ್ಸ್ ಕೇಳ್ದ.