‘ಆಡಿಯೋ ಇನ್‌ಬಿಲ್ಟ್ ಇದೆ ಸರ್’ ಅಂದ ಮಾತು ನಂಬಿ 40 ಬೋರ್ಡ್ ತಗೊಂಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಕೆಲಸಕ್ಕೆ ಹೊಸಬನಲ್ಲ. 12 ವರ್ಷದಿಂದ ಸಣ್ಣಪುಟ್ಟ ಎಂಬೆಡೆಡ್ (ಒಳಗೆ ಪುಟ್ಟ ಚಿಪ್ ಕೂರಿಸಿದ) ಪೆಟ್ಟಿಗೆಗಳನ್ನು ಮಾಡಿ ಮಾರಿಯೇ ಮನೆ ನಡೆಸುತ್ತಿದ್ದೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನ ಯಾವ ಸಂದಿಯಲ್ಲಿ ಏನು ಸಿಗುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅಂಥವನ ಕಿವಿಗೆ ಒಬ್ಬ ನೀಟಾಗಿ ಹೂ ಇಟ್ಟು ಕಳಿಸಿದ. ಬರೆಯೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅದೇ ಬೋರ್ಡು ಅದೇ ಮಾತಿನ ಜೊತೆ ಇವತ್ತೂ ಮಾರಾಟ ಆಗುತ್ತಿದೆ.

ಕೆಲಸ ಇಷ್ಟೇ. ನರ್ಸಿಂಗ್ ಹೋಮ್‌ಗಳಿಗೆ ಟೋಕನ್ ಕೂಗುವ ಪೆಟ್ಟಿಗೆ. ವೈಫೈ ಮೂಲಕ ನಂಬರ್ ಬರಬೇಕು, ಪೆಟ್ಟಿಗೆ ಕನ್ನಡದಲ್ಲಿ ‘ಟೋಕನ್ ಸಂಖ್ಯೆ ಅರವತ್ತಾರು, ಕೊಠಡಿ ಸಂಖ್ಯೆ ಮೂರು’ ಅನ್ನಬೇಕು. ಜೊತೆಗೆ ಒಂದು ಮೈಕ್, ಅಲ್ಲಿನ ಸಿಬ್ಬಂದಿಯೇ ‘ಡಾಕ್ಟರ್ ತಡವಾಗಿ ಬರುತ್ತಾರೆ’ ಅಂತ ರೆಕಾರ್ಡ್ ಮಾಡಿಟ್ಟುಕೊಳ್ಳೋಕೆ. 40 ಪೆಟ್ಟಿಗೆಯ ಆರ್ಡರ್. ನನ್ನಂಥವನಿಗೆ ದೊಡ್ಡದೇ.

ಪೆಟ್ಟಿಗೆ ನಡೆಸುವ ಚಿಪ್, ಅಂದರೆ ಮೈಕ್ರೋಕಂಟ್ರೋಲರ್, ಅದರ ಒಳಗೇ ಅಂಕಿಯನ್ನು ಸದ್ದು ಮಾಡುವ ಆಡಿಯೋ ಕನ್ವರ್ಟರ್ ಇದ್ದುಬಿಟ್ಟರೆ ಆ ಕೆಲಸಕ್ಕೆ ಕೋಡೆಕ್ ಅನ್ನುವ ಬೇರೆ ಚಿಪ್ ಬೇಡ, ಜಾಗ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಎಲ್ಲರಿಗೂ ಬರುವ ಆಸೆಯೇ ಅಲ್ವಾ? ಆ ಆಸೆಯ ಮೇಲೇ ಇವರ ಅಂಗಡಿ ನಡೆಯುವುದು.

ಬೋರ್ಡ್ ಮಾಡಿ ಕೊಡುವ ಒಬ್ಬರು ಸಿಕ್ಕಿದರು. ಹೆಸರು ಬೇಡ. ಇಎಸ್‌ಪಿ32 ಚಿಪ್ ಹಾಕಿದ ಬೋರ್ಡು, ಮೇಲೆ ಪುಟ್ಟ ಪಿಎಎಂ8403 ಆಂಪ್ಲಿಫೈಯರ್, ಮೂಲೆಯಲ್ಲಿ ಮೈಕ್. ಅವರ ಪಟ್ಟಿಯಲ್ಲಿ ಬರೆದಿದ್ದದ್ದು: ‘16 ಬಿಟ್ ಆಡಿಯೋ, ಚಿಪ್‌ನಲ್ಲೇ ಇನ್‌ಬಿಲ್ಟ್’. ಇಎಸ್‌ಪಿ32ರಲ್ಲಿ ಡಿಎಸಿ, ಅಂದರೆ ಅಂಕಿಯನ್ನು ಸದ್ದಿನ ವೋಲ್ಟೇಜ್ ಮಾಡುವ ಭಾಗ, ಇದೆ ಅಂತ ನನಗೆ ಗೊತ್ತಿತ್ತು. ಎಷ್ಟು ಬಿಟ್‌ನದು (ಬಿಟ್ ಹೆಚ್ಚಿದಷ್ಟೂ ಸದ್ದು ನಯ) ಅಂತ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದರೆ, ನೋಡಲಿಲ್ಲ. ಚಿಪ್ ಮಾಡಿದವರೇ ಕೊಡುವ ವಿವರಪಟ್ಟಿ, ಡೇಟಾಶೀಟ್, ಮೊಬೈಲ್‌ನಲ್ಲೇ ಇತ್ತು. ತೆಗೆದು ನೋಡಲಿಲ್ಲ!

ಡೆಮೋಗೆ ಕರೆದರು. ಅಕ್ರಿಲಿಕ್ ಹಲಗೆಯ ಮೇಲೆ ಬೋರ್ಡು ಕೂರಿಸಿ, ದೊಡ್ಡ ಸ್ಪೀಕರ್ ಸಿಕ್ಕಿಸಿ, ತಮಟೆ ಡೋಲು ತುಂಬಿದ ಒಂದು ಹಾಡು ಹಾಕಿದರು. ಹೊರಗೆ ಆಟೋ ಹಾರ್ನು, ಒಳಗೆ ಫ್ಯಾನು, ನಡುವೆ ಈ ತಮಟೆ. ಚೆನ್ನಾಗೇ ಕೇಳಿಸಿತು. ‘ಮನೆಗೆ ಒಂದು ಸ್ಯಾಂಪಲ್ ಕೊಡಿ’ ಅಂದೆ. ‘ಇದೊಂದೇ ಇರೋದು ಸರ್, ನಾಳೆ ಇನ್ನೊಂದು ಪಾರ್ಟಿಗೆ ತೋರಿಸಬೇಕು’ ಅಂದರು. ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಹಲಗೆಯ ಒಂದು ಫೋಟೋ ತೆಗೆದುಕೊಂಡು, ಪೂರ್ತಿ ದುಡ್ಡು ಕೊಟ್ಟು ಬಂದೆ. ಹೌದು, ಪೂರ್ತಿ. ‘ಫುಲ್ ಪೇಮೆಂಟ್ ಆದರೆ ರೇಟ್ ಕಮ್ಮಿ ಮಾಡಿಕೊಡ್ತೀನಿ’ ಅಂದಿದ್ದರು.

ಮೂರು ವಾರಕ್ಕೆ ಬೋರ್ಡು ಬಂತು. ನನ್ನ ತಂಗಿಯ ದನಿಯಲ್ಲಿ ರೆಕಾರ್ಡ್ ಮಾಡಿದ ಸಂಖ್ಯೆಗಳನ್ನು ಹಾಕಿ ರಾತ್ರಿ ಕೇಳಿದೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ‘ಟೋಕನ್ ಸಂಖ್ಯೆ ಅರವತ್ತಾ...’ ಆಮೇಲೆ ಶ್‌ಶ್‌ಶ್. ಅರವತ್ತಾರೋ, ಅರವತ್ತೇಳೋ, ದೇವರಿಗೇ ಗೊತ್ತು. ಕನ್ನಡದಲ್ಲಿ ಇದೊಂದು ತೊಂದರೆ ನೋಡಿ. ಬಿಡಿ ಅಂಕಿ ಇರೋದೇ ಪದದ ಬಾಲದಲ್ಲಿ. ದನಿ ಇಳಿಯುವುದೂ ಅಲ್ಲೇ. ಇಳಿದ ದನಿಯನ್ನು ಆ ಶ್‌ಶ್ ನುಂಗಿಹಾಕುತ್ತಿತ್ತು. ರೋಗಿಗೆ ಬೇಕಾದದ್ದು ಆ ಬಾಲವೇ, ಅರವತ್ತು ಅಂತ ಮಾತ್ರ ಕೇಳಿಸಿಕೊಂಡು ಏನು ಮಾಡುತ್ತಾರೆ?

ಸಾಲದ್ದಕ್ಕೆ ವೈಫೈ ಮಾತಾಡಿದಾಗೆಲ್ಲ ಟಿಕ್ ಟಿಕ್ ಅಂತ ಸದ್ದು. ಆ ಡಿಎಸಿಗೆ ಬೋರ್ಡಿನ 3.3 ವೋಲ್ಟ್ ಸಪ್ಲೈಯೇ ರೆಫರೆನ್ಸ್, ಅಂದರೆ ಅಳತೆಗೋಲು. ವೈಫೈ ಕರೆಂಟ್ ಎಳೆದಾಗ ಸಪ್ಲೈ ಅಲುಗುತ್ತದೆ, ಅದು ನೇರ ಸ್ಪೀಕರಿಗೆ.

ಸಂದೇಹ ಬಂದು, ಮೆಲ್ಲಗೆ ಸಣ್ಣದಾಗುತ್ತ ಹೋಗುವ ಒಂದು ಸೈನ್ ವೇವ್ ಹಾಕಿ, ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪ್ ಹಚ್ಚಿದೆ. ಅಲೆ ಅಲೆಯಾಗಿ ಇರಬೇಕಾದದ್ದು ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿತು. ಒಂದೊಂದು ಮೆಟ್ಟಿಲು ಸುಮಾರು 13 ಮಿಲಿವೋಲ್ಟ್. 3.3 ವೋಲ್ಟನ್ನು 256ರಿಂದ ಭಾಗಿಸಿ, ಅಷ್ಟೇ ಬರುತ್ತದೆ. 256 ಮೆಟ್ಟಿಲು ಅಂದರೆ 8 ಬಿಟ್. 16 ಅಲ್ಲ, 8! 16 ಬಿಟ್ ಆಗಿದ್ದರೆ 65,536 ಮೆಟ್ಟಿಲು ಇರಬೇಕಿತ್ತು. ತಮಟೆ ಹಾಡು 256 ಮೆಟ್ಟಿಲನ್ನೂ ಹತ್ತಿಳಿಯುತ್ತದೆ, ಆದ್ದರಿಂದ ಕಿವಿಗೆ ಗೊತ್ತಾಗಲ್ಲ. ಮಾತಿನ ಬಾಲ 30 ಡೆಸಿಬಲ್ ಕೆಳಗಿದ್ದರೆ ಅದಕ್ಕೆ ಸಿಗುವುದು ಎಂಟೇ ಮೆಟ್ಟಿಲು. ಎಂಟು ಮೆಟ್ಟಿಲಲ್ಲಿ ‘ಆರು’ ಅಂತ ಹೇಳಿ ನೋಡೋಣ.

ಆಗ ಡೇಟಾಶೀಟ್ ತೆಗೆದೆ. ಮೊದಲ ಪುಟಗಳಲ್ಲೇ ಇದೆ. ಎರಡು 8 ಬಿಟ್ ಡಿಎಸಿ, ಪಿನ್ 25 ಮತ್ತು 26. ಚಿಪ್ ಮಾಡಿದವರು ಏನೂ ಮುಚ್ಚಿಟ್ಟಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಲಿದೆ, ಆ ಮಾರಿದವನ ಮೇಲಿದೆ.

ಮಾರನೇ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಕೇಳಿದೆ. ಬಂದ ಉತ್ತರಗಳನ್ನು ಹಾಗೇ ಹೇಳುತ್ತೇನೆ, ಮುಂದೆ ನಿಮಗೂ ಇವೇ ಬರಬಹುದು.

ಮೊದಲನೇ ಉತ್ತರ: ‘ಕೋಡ್ ನೋಡಿ ಸರ್, 16 ಬಿಟ್ ಅಂತಲೇ ಇದೆ.’ ಜೊತೆಗೆ ಒಂದು ಸ್ಕ್ರೀನ್‌ಶಾಟ್. ನಿಜ, ಕೋಡ್‌ನಲ್ಲಿ ಇದೆ. ಆ ಚಿಪ್‌ನಲ್ಲಿ ಒಳಗಿನ ಡಿಎಸಿಗೆ ಐ-ಟು-ಎಸ್ (ಆಡಿಯೋ ಅಂಕಿಗಳನ್ನು ಸಾಗಿಸುವ ಕ್ರಮ) ದಾರಿಯಲ್ಲಿ ಡೇಟಾ ಕೊಡುವಾಗ 16 ಬಿಟ್ ಲೆಕ್ಕದಲ್ಲೇ ಕೊಡಬೇಕು. ಆದರೆ ಅದು ಮೇಲಿನ 8 ಬಿಟ್ ಮಾತ್ರ ಇಟ್ಟುಕೊಂಡು ಕೆಳಗಿನ 8 ಎಸೆದುಬಿಡುತ್ತದೆ. ಎರಡು ಲೀಟರ್ ಕ್ಯಾನ್ ತುಂಬ ಹಾಲು ಸುರಿದರೂ ಪಾತ್ರೆ ಒಂದು ಲೀಟರಿಂದೇ ಆದರೆ ಉಳಿಯುವುದೆಷ್ಟು? ಇದನ್ನು ಬರೆದೆ. ‘ನೋಡ್ತೀನಿ ಸರ್’ ಅಂತ ಬಂತು. ನೋಡಲಿಲ್ಲ.

ಎರಡನೇ ಉತ್ತರ ಎರಡು ದಿನದ ಮೇಲೆ ಬಂತು: ‘ಟೆಲಿಫೋನ್ ಕೂಡ 8 ಬಿಟ್ಟೇ ಸರ್. ಎಲ್ಲರೂ ಮಾತಾಡ್ತಿಲ್ವಾ?’ ಇದು ಕೇಳೋಕೆ ಸರಿ ಅನ್ನಿಸುತ್ತದೆ, ಅದಕ್ಕೇ ಅಪಾಯ. ನಾನೇ ಒಂದು ಗಂಟೆ ಸುಮ್ಮನಾಗಿಬಿಟ್ಟೆ. ಆಮೇಲೆ ಹೊಳೆಯಿತು. ಟೆಲಿಫೋನಿನ 8 ಬಿಟ್ಟು ಸಮ ಮೆಟ್ಟಿಲಿನದ್ದಲ್ಲ. 1972ರ ಜಿ.711 ಅನ್ನುವ ಕ್ರಮ ಅದು. ಮೆಲು ದನಿಗೆ ಸಣ್ಣ ಸಣ್ಣ ಮೆಟ್ಟಿಲು, ಜೋರು ದನಿಗೆ ದೊಡ್ಡ ಮೆಟ್ಟಿಲು. ನಮ್ಮ ದೇಶದಲ್ಲಿ ಬಳಸುವ ಎ-ಲಾ ಲೆಕ್ಕದಲ್ಲಿ ಅದು 13 ಬಿಟ್‌ನ ಮಾತನ್ನು 8 ಬಿಟ್‌ನಲ್ಲಿ ಮಡಚಿಡುವುದು, ಆ ಕಡೆ ಮತ್ತೆ 13 ಬಿಟ್ ಆಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಮೇಲೆ ಹೊರಗೆ ಹೋಗುವ ಡಿಎಸಿಯೇ 8 ಬಿಟ್ ಆದರೆ ಏನು ಬಂತು? ಬರೆದೆ. ಎರಡು ನೀಲಿ ಟಿಕ್ಕು ಬಿತ್ತು. ಅಷ್ಟೇ.

ಮೂರನೆಯದು: ‘ನಮ್ಮ ಡೆಮೋದಲ್ಲಿ ಚೆನ್ನಾಗಿತ್ತಲ್ಲ ಸರ್, ನೀವೇ ಕೇಳಿದ್ರಿ. ನಿಮ್ಮ ಸ್ಪೀಕರ್ ನೋಡ್ಕೊಳ್ಳಿ.’

ಹೌದಲ್ಲ, ಡೆಮೋದಲ್ಲಿ ಚೆನ್ನಾಗಿತ್ತು. ಯಾಕೆ? ತಮಟೆ ಒಂದರಿಂದಲೇ ಅಷ್ಟು ಚೆನ್ನಾಗಿ ಬರಲು ಸಾಧ್ಯವಾ? ಅವತ್ತಿನ ಫೋಟೋ ತೆಗೆದೆ. ಎರಡು ಬೆರಳಿಂದ ದೊಡ್ಡದು ಮಾಡಿದೆ. ಅಕ್ರಿಲಿಕ್ ಹಲಗೆಯ ಕೆಳಗೆ, ಎಡ ಮೂಲೆಯಲ್ಲಿ, ನೇರಳೆ ಬಣ್ಣದ ಒಂದು ಚೂರು. ಪಕ್ಕದಲ್ಲಿ ಹಳದಿ, ಹಸಿರು, ಬಿಳಿ ಮೂರು ವೈರು ಮೇಲೆ ಹತ್ತಿ ಇಎಸ್‌ಪಿ32 ಕಡೆ ಹೋಗಿವೆ. ಆ ನೇರಳೆ ಬೋರ್ಡು ಈ ಕೆಲಸದಲ್ಲಿ ಇರುವ ಯಾರಿಗಾದರೂ ಗೊತ್ತು. ಪಿಸಿಎಂ5102. ಹೊರಗಿನ ಡಿಎಸಿ. ಮೂರು ವೈರು ಅಂದರೆ ಕ್ಲಾಕು, ಎಡ-ಬಲ, ಡೇಟಾ. ನಾನು ಮೆಚ್ಚಿಕೊಂಡು ತಲೆ ಆಡಿಸಿದ ಹಾಡು ಇಎಸ್‌ಪಿ32ರ ಒಳಗಿನ ಡಿಎಸಿಯಿಂದ ಬಂದದ್ದೇ ಅಲ್ಲ! ನನ್ನ ಕಣ್ಣೆದುರೇ ಇತ್ತು. ನಾನೇ ಫೋಟೋ ತೆಗೆದಿದ್ದೆ. ಫೋಟೋ ತೆಗೆಯುವಾಗ ಆ ಮನುಷ್ಯ ‘ಸ್ವಲ್ಪ ಈ ಕಡೆಯಿಂದ ತೆಗೀರಿ ಸರ್, ಲೈಟ್ ಚೆನ್ನಾಗಿ ಬರುತ್ತೆ’ ಅಂದದ್ದು ನೆನಪಾಯಿತು.

ಮೈ ಉರಿದುಹೋಯಿತು. ಫೋಟೋಗೆ ಕೆಂಪು ಸುತ್ತು ಹಾಕಿ ಕಳಿಸಿದೆ. ಉತ್ತರ: ‘ಅದು ಡೆಮೋಗೆ ಮಾತ್ರ ಸರ್.’ ಈ ಮಾತನ್ನು ಇವತ್ತಿಗೂ ಮರೆಯೋಕೆ ಆಗಿಲ್ಲ. ಡೆಮೋಗೆ ಮಾತ್ರ! ಹಾಗಾದರೆ ನನಗೆ ಮಾರಿದ್ದು ಯಾವುದಕ್ಕೆ?

ಮೈಕ್ ಕಥೆ ಚಿಕ್ಕದು. ರೆಕಾರ್ಡಿಂಗ್ ವೈಫೈ ಆಫ್ ಇದ್ದಾಗ ಹೇಗೋ ಬರುತ್ತಿತ್ತು, ಆನ್ ಆದ ಕೂಡಲೇ ಸತ್ತುಹೋಗುತ್ತಿತ್ತು. ನೋಡಿದರೆ ಮೈಕನ್ನು ಪಿನ್ 27ಕ್ಕೆ ಕೊಟ್ಟಿದ್ದಾರೆ. ಅದು ಎಡಿಸಿ-2ರ ಪಿನ್. ಎಡಿಸಿ ಅಂದರೆ ಡಿಎಸಿಯ ಉಲ್ಟಾ, ಮೈಕಿನ ವೋಲ್ಟೇಜನ್ನು ಅಂಕಿ ಮಾಡುವ ಭಾಗ. ಇಎಸ್‌ಪಿ32ರಲ್ಲಿ ವೈಫೈ ಓಡುವಾಗ ಎಡಿಸಿ-2 ಸಿಗುವುದಿಲ್ಲ, 32ರಿಂದ 39ರ ವರೆಗಿನ ಎಡಿಸಿ-1 ಪಿನ್‌ಗಳೇ ಗತಿ. ಇದು ಕಾಲೇಜು ಹುಡುಗರಿಗೂ ಗೊತ್ತಿರುವ ವಿಷಯ. ಅಂದರೆ ಬೋರ್ಡ್ ಮಾಡಿದವರು ಒಂದು ದಿನವೂ ಅದನ್ನು ಬಳಸಿ ನೋಡಿಲ್ಲ.

ಇನ್ನೂ ಇದೆ. 40ರಲ್ಲಿ ಮೊದಲು ಬಂದದ್ದು 25. ಉಳಿದ 15 ಆಮೇಲೆ ಬಂದವು. ಜಗಳದ ನಡುವೆಯೇ ಬಂದವು, ಜೊತೆಗೆ ಒಂದು ಸಂದೇಶ: ‘ನಿಮಗೆ ಬೇಜಾರಾಯ್ತು ಅಂತ ಹೊಸ ಮಾಡೆಲ್ ಹಾಕಿದ್ದೀನಿ ಸರ್, ಎಸ್3. ಎಕ್ಸ್‌ಟ್ರಾ ಚಾರ್ಜ್ ಇಲ್ಲ.’ ಒಂದು ಕ್ಷಣ, ಪಾಪ, ಒಳ್ಳೆಯವನೇ ಇರಬೇಕು ಅನ್ನಿಸಿತು. ನನ್ನ ಕೋಡ್ ಹಾಕಿದೆ. ಕಂಪೈಲೇ ಆಗಲಿಲ್ಲ. ಡಿಎಸಿಗೆ ಬರೆಯುವ ಫಂಕ್ಷನ್ನೇ ಇಲ್ಲ ಅಂತ ಎರರ್. ಯಾಕೆಂದರೆ ಇಎಸ್‌ಪಿ32-ಎಸ್3ರಲ್ಲಿ ಡಿಎಸಿಯೇ ಇಲ್ಲ. 8 ಬಿಟ್ಟೂ ಇಲ್ಲ, ಒಂದು ಬಿಟ್ಟೂ ಇಲ್ಲ. ಎಸ್2ರಲ್ಲಿ ಇದೆ, ಎಸ್3ರಲ್ಲಿ ತೆಗೆದಿದ್ದಾರೆ. ಆದರೂ ಆ ಬೋರ್ಡಿನ ಹಿಂದೆ ಬಿಳಿ ಅಕ್ಷರದಲ್ಲಿ ಅಚ್ಚಾಗಿತ್ತು: ‘ಆಡಿಯೋ ಇನ್‌ಬಿಲ್ಟ್’.

ಫೋನ್ ಮಾಡಿ ದುಡ್ಡು ವಾಪಸ್ ಕೇಳಿದೆ. ‘ಕಸ್ಟಮ್ ಬೋರ್ಡಿಗೆ ರಿಟರ್ನ್ ಇಲ್ಲ ಸರ್, ಬಿಲ್ ಹಿಂದೆ ಬರೆದಿದೆ.’ ಬರೆದಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ.

ಕೊನೆಗೆ ಏನು ಮಾಡಿದೆ ಅಂದರೆ, ಮ್ಯಾಕ್ಸ್98357 ಅನ್ನುವ ಪುಟ್ಟ ಬೋರ್ಡು ತಂದೆ. ಅದರಲ್ಲೇ ಡಿಎಸಿ, ಅದರಲ್ಲೇ ಆಂಪ್ಲಿಫೈಯರ್, 5 ವೋಲ್ಟ್ ಕೊಟ್ಟರೆ 4 ಓಮ್ ಸ್ಪೀಕರಿಗೆ 3 ವ್ಯಾಟ್ ಚಿಲ್ಲರೆ. ಇಬ್ಬರು ಹೋಟೆಲಲ್ಲಿ ಊಟ ಮಾಡಿದಷ್ಟೂ ಖರ್ಚಿಲ್ಲ. ಮೈಕಿಗೆ ಐಎನ್‌ಎಂಪಿ441, ಅದೂ ಐ-ಟು-ಎಸ್. ಎಸ್3ಗೂ ಐ-ಟು-ಎಸ್ ಇದೆ, ಹಾಗಾಗಿ ಆ 15 ಕೂಡ ಬದುಕಿದವು. ನಾನೂ ತಮ್ಮನೂ ನಾಲ್ಕು ರಾತ್ರಿ ಕೂತು 40 ಬೋರ್ಡಿಗೂ ಕೈಯಲ್ಲೇ ವೈರು ಬೆಸೆದೆವು. ‘ಅರವತ್ತಾರು’ ಅಂತ ಮೊದಲ ಸಲ ಸ್ವಚ್ಛವಾಗಿ ಕೇಳಿದಾಗ ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಲಾಭ ಎಲ್ಲ ಅಲ್ಲೇ ಹೋಯಿತು. ಆರ್ಡರ್ ಕೊಟ್ಟಿದ್ದ ತುಮಕೂರಿನ ಪಾರ್ಟಿ ಮೂರು ವಾರ ತಡ ಅಂತ ಬೈದದ್ದು ಬೇರೆ.

ನಿಮಗೆ ಹೇಳೋದು ಇಷ್ಟು. ಯಾರಾದರೂ ‘ಚಿಪ್‌ನಲ್ಲೇ ಆಡಿಯೋ’ ಅಂದರೆ ಎಷ್ಟು ಬಿಟ್, ಯಾವ ಪಿನ್ ಅಂತ ಕೇಳಿ, ಅವರ ಎದುರೇ ಡೇಟಾಶೀಟ್ ತೆಗೀರಿ. ಬೇರೆ ಬೋರ್ಡು, ಚಿಪ್‌ಗಳ ಒಳಗಿನ ಡಿಎಸಿಯೂ ಒಂದೊಂದು ಥರ: ಆರ್ಡುಯಿನೋ ಝೀರೋದಲ್ಲಿ 10 ಬಿಟ್, ಎಸ್‌ಟಿಎಂ32ಎಫ್407ರಲ್ಲಿ 12 ಬಿಟ್, ಪಿಕೋದ ಆರ್‌ಪಿ2040ರಲ್ಲಿ ಡಿಎಸಿಯೇ ಇಲ್ಲ. 12 ಬಿಟ್ ಇರುವ ಆ ಎಫ್407ರ ಡಿಸ್ಕವರಿ ಬೋರ್ಡ್ ಮೇಲೂ ಆಡಿಯೋಗೆ ಅಂತ ಸಿಎಸ್43ಎಲ್22 ಅನ್ನುವ ಬೇರೆ ಚಿಪ್ ಇದೆ ನೋಡಿ. ಮಾಡಿದವರೇ ಬೇರೆ ಹಾಕಿದ್ದಾರೆ ಅಂದಮೇಲೆ ನಮ್ಮದೇನು? ನಿಜವಾದ 16 ಬಿಟ್ ಆಡಿಯೋ ಡಿಎಸಿ ಒಳಗೇ ಇಟ್ಟಿರುವ ಚಿಪ್ ಇಲ್ಲವೇ ಇಲ್ಲ ಅಂತಲ್ಲ, ಡಿಎಸ್‌ಪಿಐಸಿ33ಎಫ್‌ಜೆ128ಜಿಪಿ802 ಅಂಥದ್ದು. ಆದರೆ ಅದರಲ್ಲಿ ವೈಫೈ ಇಲ್ಲ. ಡೆಮೋಗೆ ಹೋದರೆ ಹಾಡು ಬೇಡ, ಮೆಲ್ಲಗೆ ಮಾತಾಡಿದ ರೆಕಾರ್ಡಿಂಗ್ ನೀವೇ ತಗೊಂಡು ಹೋಗಿ. ಹಲಗೆಯನ್ನು ತಿರುಗಿಸಿ ನೋಡಿ. ದಯವಿಟ್ಟು ತಿರುಗಿಸಿ ನೋಡಿ.

ಮೊನ್ನೆ ಯುಗಾದಿ ಶುಭಾಶಯದ ಜೊತೆ ಅದೇ ನಂಬರಿನಿಂದ ಹೊಸ ರೇಟ್ ಪಟ್ಟಿ ಬಂತು. ಮೂರನೇ ಸಾಲಿನಲ್ಲಿ ಅದೇ ಎಸ್3 ಬೋರ್ಡು, ಅದೇ ‘16 ಬಿಟ್ ಆಡಿಯೋ ಇನ್‌ಬಿಲ್ಟ್’. ‘ಡಿಎಸಿ ಯಾವ ಪಿನ್‌ನಲ್ಲಿ ಇದೆ?’ ಅಂತ ಕೇಳಿದೆ. ‘ಎಷ್ಟು ಪೀಸ್ ಬೇಕು ಸರ್?’ ಅಂತ ಬಂತು.